ಗೇರ್ ಕೇಸ್‌ಗೆ ನೀರು ನುಗ್ಗಿದ್ದರೆ ಬರೀ ಆಯಿಲ್ ಬದಲಾಯಿಸಿ ಕಳಿಸಬೇಡಿ

ಮುಂಗಾರಿಗೆ ಮುಂಚೆ ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಮೋಟಾರುಗಳು ಸರ್ವಿಸ್‌ಗೆ ಬರುತ್ತವೆ. ಕೆಳಗಿನ ಗೇರ್ ಕೇಸ್, ಅಂದರೆ ಪ್ರೊಪೆಲ್ಲರ್ ತಿರುಗಿಸುವ ಗೇರುಗಳು ಆಯಿಲ್‌ನಲ್ಲಿ ಕೂತಿರುವ ಪೆಟ್ಟಿಗೆ, ಅದರ ಪ್ಲಗ್ ಬಿಚ್ಚಿದಾಗ ನೀರು ನುಗ್ಗಿದ್ದರೆ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಸುರಿದು, ಹೊಸ ಆಯಿಲ್ ತುಂಬಿ, ಬಿಲ್ ಕೊಟ್ಟು ಕಳಿಸುವುದು ನಮ್ಮ ಕಡೆ ರೂಢಿಯಾಗಿಬಿಟ್ಟಿದೆ. ಅದನ್ನು ರಿಪೇರಿ ಅಂತ ಕರೆಯುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ನೀರು ಬಂದ ದಾರಿ ಹಾಗೇ ತೆರೆದಿರುವಾಗ ಹೊಸ ಆಯಿಲ್ ಎಷ್ಟು ದಿನ ಉಳಿದೀತು?

ಕಬಿನಿ ಹಿನ್ನೀರಿನ ಸಫಾರಿ ದೋಣಿ ದಿನಾ ಓಡುತ್ತದೆ, ಕೆಟ್ಟರೆ ಅವತ್ತೇ ಗೊತ್ತಾಗುತ್ತದೆ. ನನಗೆ ಹೆಚ್ಚು ಚಿಂತೆ ಇರುವುದು ಪ್ರವಾಹಕ್ಕೆಂದು ಇಟ್ಟ ರಕ್ಷಣಾ ದೋಣಿಗಳ ಬಗ್ಗೆ. 2019ರ ಆಗಸ್ಟ್‌ನಲ್ಲಿ ಕಪಿಲೆ (ಕಬಿನಿ ಹೊಳೆ) ನಂಜನಗೂಡಿನೊಳಕ್ಕೆ ಬಂದದ್ದನ್ನು ಎಲ್ಲರೂ ನೋಡಿದ್ದೇವೆ. ಕೆಆರ್‌ಎಸ್ 124.80 ಅಡಿ ಮುಟ್ಟಿ ಗೇಟು ಎತ್ತಿದರೆ ಶ್ರೀರಂಗಪಟ್ಟಣದ ನದಿ ಅಂಚಿನವರು ನಿದ್ದೆ ಮಾಡುವುದಿಲ್ಲ. ಇಂಥ ಹೊತ್ತಿಗೆ ಬೇಕಾದ ಮೋಟಾರು ವರ್ಷದ ಬಹುಪಾಲು ಶೆಡ್‌ನಲ್ಲಿ ನಿಂತಿರುತ್ತದೆ. ಗೇರ್ ಕೇಸ್‌ನಲ್ಲಿ ನೀರು ಉಳಿದಿದ್ದರೆ ಅದು ಆಯಿಲ್‌ಗಿಂತ ಭಾರ, ಕೆಳಕ್ಕೆ ಇಳಿದು ಬೇರಿಂಗು, ಗೇರಿನ ಹಲ್ಲುಗಳ ಮೇಲೆ ತುಕ್ಕು ಕೂರಿಸುತ್ತದೆ. ಓಡುವ ಮೋಟಾರಿಗಿಂತ ನಿಂತ ಮೋಟಾರಿಗೇ ನೀರು ಹೆಚ್ಚು ಕೆಡುಕು.

ನೀರು ಒಳಗೆ ಹೋಗುವುದು ಹೇಗೆ ಅನ್ನುವುದು ಅರ್ಥವಾದರೆ ಅರ್ಧ ಕೆಲಸ ಮುಗಿದಂತೆ. ಓಡುವಾಗ ಗೇರ್ ಕೇಸ್ ಬಿಸಿಯಾಗುತ್ತದೆ, ಒಳಗಿನ ಗಾಳಿ, ಆಯಿಲ್ ಎರಡೂ ಹಿಗ್ಗುತ್ತವೆ. ಮೋಟಾರು ನಿಲ್ಲಿಸಿದಾಗ ಅದು ತಣ್ಣೀರಿನಲ್ಲೇ ಮುಳುಗಿರುತ್ತದೆ. ಬೇಗ ತಣ್ಣಗಾಗಿ ಒಳಗೆ ಒತ್ತಡ ಇಳಿಯುತ್ತದೆ, ಸವೆದ ಸೀಲ್ (ಶಾಫ್ಟ್ ಸುತ್ತ ನೀರು ತಡೆಯುವ ರಬ್ಬರ್ ಬಳೆ) ಎಲ್ಲಿದ್ದರೂ ಅಲ್ಲಿಂದ ನೀರು ಎಳೆದುಕೊಳ್ಳುತ್ತದೆ. ಆದ್ದರಿಂದ ಹೊರಗೆ ಒಂದು ಹನಿ ಆಯಿಲ್ ಸೋರದ ಮೋಟಾರಿನೊಳಗೂ ನೀರಿರಬಹುದು. ಗಾಳಿ ತುಂಬಿ ನೋಡುವ ಪ್ರೆಷರ್ ಟೆಸ್ಟ್ ಒಂದೇ ಸಾಲದು, ಒಳಗಿನ ಗಾಳಿ ಎಳೆದು ನೋಡುವ ವ್ಯಾಕ್ಯೂಮ್ ಟೆಸ್ಟ್ ಕೂಡ ಆಗಲೇಬೇಕು ಅಂತ ಹಟ ಹಿಡಿಯುವುದು ಇದಕ್ಕೇ.

ಮೊದಲು ಸ್ಪಾರ್ಕ್ ಪ್ಲಗ್ ವೈರ್ ತೆಗೆಯಿರಿ, ಆಮೇಲೆ ಪ್ರೊಪೆಲ್ಲರ್ ಮುಟ್ಟಿ. ಮೋಟಾರನ್ನು ಒಂದು ರಾತ್ರಿ ನೆಟ್ಟಗೆ ನಿಲ್ಲಿಸಿ, ಬೆಳಿಗ್ಗೆ ಕೆಳಗಿನ ಪ್ಲಗ್ ಸ್ವಲ್ಪವೇ ಸಡಿಲಿಸಿ. ಬೇರ್ಪಟ್ಟ ನೀರಿದ್ದರೆ ಅದೇ ಮೊದಲು ತೊಟ್ಟಿಕ್ಕುತ್ತದೆ. ಆಮೇಲೆ ಮೇಲಿನ ಪ್ಲಗ್ ಬಿಚ್ಚಿದರೆ ಆಯಿಲ್ ಸಲೀಸಾಗಿ ಇಳಿಯುತ್ತದೆ. ಪ್ಲಗ್‌ನ ಮ್ಯಾಗ್ನೆಟ್ ಮೇಲೆ ನುಣ್ಣನೆ ಕಪ್ಪು ಲೇಪ ಇದ್ದರೆ ಸಹಜ, ಲೋಹದ ಚೂರು ಸಿಕ್ಕರೆ ಗೇರ್ ಕೇಸ್ ಬಿಚ್ಚಲೇಬೇಕು. ಒಂದು ಎಚ್ಚರಿಕೆ: ಹಳೆಯ ಜಾನ್ಸನ್, ಎವಿನ್‌ರೂಡ್ ಮೋಟಾರುಗಳಲ್ಲಿ ಕೆಳಗಿನ (ಡ್ರೇನ್) ಪ್ಲಗ್‌ನ ಹತ್ತಿರವೇ ಪ್ಲಸ್ ತಲೆಯ ಸ್ಕ್ರೂ ಒಂದಿರುತ್ತದೆ. ಅದು ಗೇರ್ ಬದಲಿಸುವ ಕೊಂಡಿ ತಿರುಗುವ ಕೀಲು (ಪಿವಟ್). ಅದನ್ನು ಬಿಚ್ಚಿದರೆ ಒಳಗಿನ ಕೊಂಡಿ ಜಾರಿ, ಇಡೀ ಗೇರ್ ಕೇಸ್ ಬಿಚ್ಚುವ ಕೆಲಸ ಬೀಳುತ್ತದೆ.

ಅನುಮಾನ ಮೊದಲು ಅಗ್ಗದ ವಸ್ತುವಿನ ಮೇಲೆ ಇರಲಿ. ಎರಡು ಪ್ಲಗ್‌ಗಳ ಕೆಳಗಿನ ಚಿಕ್ಕ ವಾಷರ್ ಪ್ರತಿ ಸಲವೂ ಹೊಸದಾಗಬೇಕು. ಒಮ್ಮೆ ಒತ್ತಿ ಚಪ್ಪಟೆಯಾದದ್ದು ಎರಡನೇ ಸಲ ಕೂರುವುದಿಲ್ಲ. ಟೆಫ್ಲಾನ್ ಟೇಪ್ ಸುತ್ತುವುದು ಅದಕ್ಕೆ ಪರ್ಯಾಯ ಅಲ್ಲ.

ನಮ್ಮ ನೀರಿನಲ್ಲಿ ನಿಜವಾದ ಕಳ್ಳ ಪ್ರೊಪೆಲ್ಲರ್ ಶಾಫ್ಟ್‌ನ ಸೀಲ್. ಹಿನ್ನೀರಿನ ತುಂಬ ಮೀನಿನ ಬಲೆ, ಗಾಳದ ನೈಲಾನ್ ದಾರ. ಆ ದಾರ ಪ್ರೊಪೆಲ್ಲರ್‌ಗೆ ಸುತ್ತಿಕೊಂಡು ಒಳಗಿನ ಥ್ರಸ್ಟ್ ವಾಷರ್ (ಪ್ರೊಪೆಲ್ಲರ್‌ನ ಒತ್ತಡ ತಾಳುವ ಬಿಲ್ಲೆ) ಹಿಂದಕ್ಕೆ ನುಸುಳುತ್ತದೆ, ತಿರುಗಿ ತಿರುಗಿ ಬಿಸಿಯಾಗಿ ಸೀಲ್‌ನ ತುಟಿಯನ್ನೇ, ಅಂದರೆ ಶಾಫ್ಟ್‌ಗೆ ಒತ್ತಿ ಕೂರುವ ಅಂಚನ್ನೇ, ಕೊರೆಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ದಿನಾ ಓಡುವ ದೋಣಿಯಾದರೆ ತಿಂಗಳಿಗೊಮ್ಮೆ ಪ್ರೊಪೆಲ್ಲರ್ ಬಿಚ್ಚಿ ನೋಡಿ, ಶಾಫ್ಟ್‌ನ ಹಲ್ಲುಗಳಿಗೆ ಗ್ರೀಸ್ ಹಚ್ಚಿ, ಹೊಸ ಸ್ಪ್ಲಿಟ್ ಪಿನ್ ಹಾಕಿ. ಇನ್ನೊಂದು ಕಾಟ ಕಬಿನಿಯಲ್ಲಿ ಮುಳುಗಿ ನಿಂತ ಮರದ ಬೊಡ್ಡೆಗಳದ್ದು. ಬೇಸಿಗೆಯಲ್ಲಿ ನೀರು ಇಳಿದಾಗ ಪ್ರೊಪೆಲ್ಲರ್ ಅದಕ್ಕೆ ಬಡಿದು ಶಾಫ್ಟ್ ಕೂದಲೆಳೆಯಷ್ಟು ಬಾಗಿದರೂ ಹೊಸ ಸೀಲ್ ಬಾಳುವುದಿಲ್ಲ. ಸೀಲ್ ತರುವ ಮೊದಲು ಡಯಲ್ ಗೇಜ್ (ಬಾಗು ಅಳೆಯುವ ಮುಳ್ಳಿನ ಮೀಟರ್) ಇಟ್ಟು ಶಾಫ್ಟ್ ತಿರುಗಿಸಿ ನೋಡಿ.

ಉಳಿದ ಜಾಗಗಳು: ಪ್ರೊಪೆಲ್ಲರ್ ಶಾಫ್ಟ್‌ನ ಬೇರಿಂಗ್ ಹಿಡಿದಿರುವ ಬೇರಿಂಗ್ ಕ್ಯಾರಿಯರ್‌ನ ಓ-ರಿಂಗ್, ಗೇರ್ ಬದಲಿಸುವ ಶಿಫ್ಟ್ ರಾಡ್‌ನ ಸೀಲ್, ವಾಟರ್ ಪಂಪ್‌ನ ಕೆಳಗಿರುವ ಡ್ರೈವ್ ಶಾಫ್ಟ್ (ಎಂಜಿನ್ನಿನಿಂದ ಗೇರಿಗೆ ಇಳಿಯುವ ಶಾಫ್ಟ್) ಸೀಲ್‌ಗಳು. ಅಪರೂಪಕ್ಕೆ ಎರಕದಲ್ಲೇ ಬಿರುಕು.

ಇನ್ನು ಪರೀಕ್ಷೆ. ಆಯಿಲ್ ಪೂರ್ತಿ ಇಳಿದಿರಬೇಕು. ಕೆಳಗಿನ ಪ್ಲಗ್ ಹೊಸ ವಾಷರ್ ಹಾಕಿ ಬಿಗಿ ಮಾಡಿ, ಮೇಲಿನ ತೂತಿಗೆ ಅದೇ ಥ್ರೆಡ್‌ನ ಅಡಾಪ್ಟರ್ ಕೂರಿಸಿ, ಕೈಪಂಪು ಮತ್ತು ಮೀಟರ್ ಜೋಡಿಸಿ. ಮೀಟರ್ 0ಯಿಂದ 30 ಪಿಎಸ್‌ಐ ಒಳಗಿನದಾಗಿರಲಿ, ಲಾರಿ ಟೈರ್ ಮೀಟರಿನಲ್ಲಿ 1 ಪಿಎಸ್‌ಐ ಇಳಿದದ್ದು ಕಣ್ಣಿಗೇ ಬೀಳುವುದಿಲ್ಲ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ನೇರವಾಗಿ ಕೊಡಲೇಬೇಡಿ, ಚೆನ್ನಾಗಿರುವ ಸೀಲ್ ಕೂಡ ಹೊರಕ್ಕೆ ತಳ್ಳಲ್ಪಡುತ್ತದೆ. ಮೊದಲು 3ರಿಂದ 5 ಪಿಎಸ್‌ಐ. ಕೆಲವು ಸೀಲ್‌ಗಳು ಕಡಿಮೆ ಒತ್ತಡದಲ್ಲಿ ಮಾತ್ರ ಸೋರುತ್ತವೆ, ಒತ್ತಡ ಏರಿದಾಗ ತುಟಿ ಶಾಫ್ಟ್‌ಗೆ ಅಂಟಿಕೊಂಡು ತಪ್ಪು ಮುಚ್ಚಿಹೋಗುತ್ತದೆ. ಒತ್ತಡ ಇಳಿಯದೆ ನಿಂತರೆ ನಿಧಾನವಾಗಿ ಏರಿಸಿ, ಬಹುಪಾಲು ಮಾಡೆಲ್‌ಗಳಿಗೆ 10ರಿಂದ 15 ಪಿಎಸ್‌ಐ ಸಾಕು. ನಿಮ್ಮ ಮಾಡೆಲ್‌ನ ಕೈಪಿಡಿಯ ಮಿತಿ ದಾಟಬೇಡಿ. ಐದು ನಿಮಿಷ ಬಿಡಿ. ಈ ಹೊತ್ತಿನಲ್ಲಿ ಶಾಫ್ಟ್ ತಿರುಗಿಸುತ್ತಾ, ಗೇರ್ ಮುಂದೆ ಹಿಂದೆ ಹಾಕುತ್ತಾ ಇರಬೇಕು, ಏಕೆಂದರೆ ಒಂದೇ ಕೋನದಲ್ಲಿ ಸೋರುವ ಸೀಲ್‌ಗಳೂ ಇವೆ. ಇಂಪೆಲ್ಲರ್ (ವಾಟರ್ ಪಂಪ್‌ನ ರಬ್ಬರ್ ರೆಕ್ಕೆಚಕ್ರ) ಒಳಗಿದ್ದರೆ ಡ್ರೈವ್ ಶಾಫ್ಟನ್ನು ಗಡಿಯಾರದ ದಿಕ್ಕಿಗೇ ತಿರುಗಿಸಿ, ಇಲ್ಲದಿದ್ದರೆ ಅದರ ರೆಕ್ಕೆಗಳು ಹಿಂದಕ್ಕೆ ಮಡಚಿಕೊಳ್ಳುತ್ತವೆ. ಸೋಪಿನ ನೀರು ಹಚ್ಚಿದರೆ ಗುಳ್ಳೆ ಎಲ್ಲಿಂದ ಬರುತ್ತದೋ ತಿಳಿಯುತ್ತದೆ. ಇನ್ನೂ ಒಳ್ಳೆಯದು, ಗೇರ್ ಕೇಸನ್ನೇ ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿ. ಪಂಪಿನ ಕಡೆಯಿಂದ ಗುಳ್ಳೆ ಬಂದರೆ ವಾಟರ್ ಪಂಪ್ ಬಿಚ್ಚಿ ಮತ್ತೆ ನೋಡಬೇಕು.

ಪ್ರೆಷರ್ ನಿಂತಿತು ಅಂತ ಎದ್ದು ಹೋಗಬೇಡಿ. ಗೇರ್ ಕೇಸನ್ನು ಡ್ರಮ್ಮಿನಿಂದ ತೆಗೆದು ಒರೆಸಿ, ಕೈ ವ್ಯಾಕ್ಯೂಮ್ ಪಂಪ್‌ನಲ್ಲಿ ಮೊದಲು ಪಾದರಸದ 3ರಿಂದ 5 ಇಂಚು, ಆಮೇಲೆ ಸುಮಾರು 15 ಇಂಚು. ಮೀಟರಿನ ಮುಳ್ಳು ಇಳಿದರೆ ಅನುಮಾನದ ಸೀಲ್‌ಗೆ ದಪ್ಪ ಆಯಿಲ್ ಹಚ್ಚಿ: ಆಯಿಲ್ ಒಳಕ್ಕೆ ಎಳೆದುಕೊಂಡು ಮುಳ್ಳು ನಿಂತರೆ ಅಲ್ಲೇ ತೂತು. ಪ್ರೆಷರ್‌ನಲ್ಲಿ ಪಾಸಾಗಿ ಇಲ್ಲಿ ಸಿಕ್ಕಿಬೀಳುವುದು ಸಾಮಾನ್ಯವಾಗಿ ನೀರು ತಡೆಯುವ ಹೊರಗಿನ ತುಟಿ.

ಸೀಲ್ ಬದಲಿಸುವಾಗ ಹಳೆಯದನ್ನು ಕೀಳುವ ಮೊದಲು ಫೋನಿನಲ್ಲಿ ಫೋಟೋ ತೆಗೆಯಿರಿ. ಎಷ್ಟೋ ಮಾಡೆಲ್‌ಗಳಲ್ಲಿ ಎರಡು ಸೀಲ್ ಬೆನ್ನಿಗೆ ಬೆನ್ನು ಕೊಟ್ಟಿರುತ್ತವೆ, ಕೆಲವದರಲ್ಲಿ ಎರಡೂ ಹೊರಕ್ಕೇ ಮುಖ ಮಾಡಿರುತ್ತವೆ. ಬೇರಿಂಗ್ ಅಂಗಡಿಯಲ್ಲಿ ಅಳತೆ ಕೊಟ್ಟರೆ ಅದೇ ಸೈಜಿನ ಸೀಲ್ ಸಿಗುತ್ತದೆ ನಿಜ, ಆದರೆ ತುಟಿಯ ಹಿಂದಿನ ಸ್ಪ್ರಿಂಗ್ ಸ್ಟೇನ್‌ಲೆಸ್ ಹೌದೋ ಅಲ್ಲವೋ ಕೇಳಿ ತನ್ನಿ. ಬೈಕ್ ಸೀಲ್‌ನ ಮಾಮೂಲಿ ಸ್ಪ್ರಿಂಗ್ ನೀರಿನಲ್ಲಿ ತುಕ್ಕು ಹಿಡಿದು ತುಂಡಾಗುತ್ತದೆ. ತುಟಿ ಉಜ್ಜಿದ ಜಾಗದಲ್ಲಿ ಶಾಫ್ಟ್ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಹೊಸ ಸೀಲ್ ಹಾಕಿ ಪ್ರಯೋಜನವಿಲ್ಲ, ಶಾಫ್ಟ್ ಮೇಲೆ ತೆಳು ಲೋಹದ ಕೊಳವೆ (ಸ್ಲೀವ್) ಕೂರಿಸಬೇಕು, ಇಲ್ಲವೇ ಶಾಫ್ಟ್ ಬದಲಿಸಬೇಕು. ತುಟಿಗಳ ನಡುವೆ ಮರೈನ್ ಗ್ರೀಸ್ ತುಂಬಿ, ಸೀಲ್‌ನ ಹೊರ ಅಂಚಿನ ಅಳತೆಯ ಸಾಕೆಟ್ ಇಟ್ಟು ನೇರವಾಗಿ ಒತ್ತಿ, ಶಾಫ್ಟ್‌ನ ಹಲ್ಲುಗಳಿಗೆ ಟೇಪ್ ಸುತ್ತಿ ತೂರಿಸಿ. ಹೊರಗಿನಿಂದ ಎಂ-ಸೀಲ್ ಮೆತ್ತುವ ಚಾಳಿ ದಯವಿಟ್ಟು ಬಿಡಿ, ತಿರುಗುವ ಶಾಫ್ಟ್‌ನ ಸಂದಿಯನ್ನು ಮೆತ್ತಿ ಮುಚ್ಚಲಾಗದು. ಗೇರ್ ಕೇಸ್ ಹೇಗೂ ಕೆಳಗಿಳಿದಿದೆ, ಇಂಪೆಲ್ಲರ್ ಕೂಡ ಬದಲಿಸಿಬಿಡಿ. ಜೋಡಿಸಿದ ಮೇಲೆ ಎರಡೂ ಪರೀಕ್ಷೆ ಇನ್ನೊಮ್ಮೆ.

ಆಯಿಲ್ ಕೈಪಿಡಿಯ ಗ್ರೇಡಿನದೇ, ಕೆಳಗಿನ ತೂತಿನಿಂದ ಪಂಪ್ ಮಾಡಿ. ಮೇಲಿನಿಂದ ಸುರಿದರೆ ಒಳಗೆ ಗಾಳಿ ಸಿಕ್ಕಿಕೊಂಡು, ತುಂಬಿದೆ ಅನ್ನಿಸಿ ಕಡಿಮೆಯಾಗುತ್ತದೆ. ಮೇಲೆ ಗುಳ್ಳೆಯಿಲ್ಲದ ಆಯಿಲ್ ಬಂದಾಗ ಮೊದಲು ಮೇಲಿನ ಪ್ಲಗ್ ಹಾಕಿ, ಆಮೇಲೆ ಪಂಪ್ ತೆಗೆದು ಕೆಳಗಿನದು. ಸಂದಿಗಳಲ್ಲಿ ಹಳೆಯ ನೀರು ಸ್ವಲ್ಪ ಉಳಿದೇ ಇರುತ್ತದೆ. ಒಂದು ಗಂಟೆ ಓಡಿಸಿ, ಆ ಆಯಿಲನ್ನೂ ಇಳಿಸಿ ಹೊಸದು ತುಂಬಿ. ಮತ್ತೆ ಓಡಿಸಿ, ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಕೆಳಗಿನ ಪ್ಲಗ್‌ನಿಂದ ಎರಡು ಹನಿ ತೆಗೆದು ನೋಡಿ. ತಿಳಿಯಾಗಿದ್ದರೆ ಹೊಸ ವಾಷರ್ ಹಾಕಿ ಬಿಗಿ ಮಾಡಿ, ಮೋಟಾರನ್ನು ಶೆಡ್‌ನಲ್ಲಿ ಸ್ಟ್ಯಾಂಡಿನ ಮೇಲೆ ನೆಟ್ಟಗೇ ನಿಲ್ಲಿಸಿ.