ಗ್ಯಾರೇಜಿನಲ್ಲೊಂದು ಚಿತ್ರದುರ್ಗ

ನಲವತ್ತು ಡಾಲರ್ ಕೊಟ್ಟು ತರಿಸಿದ ಡೈನೋಸಾರ್ ವೇಷ ಮೂರನೆಯ ಮನೆಯ ಮೆಟ್ಟಿಲ ಮೇಲೇ ಹಿಂಬದಿಯಲ್ಲಿ ಪರ್ರೆಂದು ಹರಿಯಿತು. ಮಕ್ಕಳು ವೇಷ ತೊಟ್ಟು ಮನೆಮನೆಗೆ ಹೋಗಿ ಚಾಕೊಲೇಟ್ ಕೇಳುವ ಹಬ್ಬ ಹ್ಯಾಲೋವೀನ್; ಮೊನ್ನೆ ಅದರ ಸಂಜೆಯ ಮಾತಿದು. ನನ್ನ ಹೊಟ್ಟೆಯುರಿ ಇನ್ನೂ ಆರಿಲ್ಲ. ಚಳಿಯೆಂದು ಮಗನಿಗೆ ಒಳಗೆ ತೊಡಿಸಿದ್ದ ಪೈಜಾಮದ ರಾಕೆಟ್ ಚಿತ್ರಗಳೆಲ್ಲ ಬೀದಿಗೆ ಕಾಣಿಸಿದವು. ಚಾಕೊಲೇಟ್ ಹಾಕಲು ಬಂದ ಅಜ್ಜಿ ಅವನನ್ನು ಹಿಂದೆ ಮುಂದೆ ನೋಡಿ, "ಓ, ಗಗನಯಾನಕ್ಕೆ ಹೊರಟ ಡೈನೋಸಾರ್!" ಎಂದು ಮೆಚ್ಚಿಕೊಂಡರು.

ನಮ್ಮ ಮನೆಗೆ ಅಂಗಡಿಯ ವೇಷ ಬಂದದ್ದೇ ಈಚೆಗೆ. ನ್ಯೂಜೆರ್ಸಿಗೆ ಬಂದ ಮೇಲಿನ ಅಷ್ಟೂ ವರ್ಷ ವೇಷಗಳೆಲ್ಲ ಗ್ಯಾರೇಜಿನಲ್ಲೇ ಹುಟ್ಟುತ್ತಿದ್ದವು. ಅದಕ್ಕೆ ಕಾರಣ ನನ್ನ ಯಜಮಾನರ ಪೆಟ್ಟಿಗೆ ಪ್ರೇಮ. ಮನೆಗೆ ಬಂದ ಯಾವ ರಟ್ಟಿನ ಪೆಟ್ಟಿಗೆಯನ್ನೂ ಅವರು ಎಸೆದವರಲ್ಲ. ಟಿವಿ ಕೆಟ್ಟು ಗುಜರಿ ಸೇರಿ ಕಾಲವಾಯಿತು, ಅದರ ಪೆಟ್ಟಿಗೆ ಮಾತ್ರ ಚಿರಂಜೀವಿ. ಕೇಳಿದರೆ, "ಬೇಕಾಗುತ್ತದೆ, ಇರಲಿ" ಎಂಬ ಒಂದೇ ಉತ್ತರ. ಜನವರಿಯ ಹಿಮದಲ್ಲಿ ನಮ್ಮ ಕಾರು ಹೊರಗೆ ನಡುಗುತ್ತದೆ, ಪೆಟ್ಟಿಗೆಗಳು ಒಳಗೆ ಬೆಚ್ಚಗಿರುತ್ತವೆ.

ವರ್ಷಕ್ಕೊಮ್ಮೆ, ಅಕ್ಟೋಬರ್ 30ರ ರಾತ್ರಿ, ಅವರ ಮಾತು ನಿಜವಾಗುತ್ತಿತ್ತು. ಮಗಳು ಮೊದಲು ರೋಬೋಟ್ ಆದಳು. ಮರುವರ್ಷ ಅದೇ ಪೆಟ್ಟಿಗೆ ನೀಲಿ ಬಣ್ಣ ಬಳಿದುಕೊಂಡು ಇಲ್ಲಿನ ಅಂಚೆ ಡಬ್ಬಿಯಾಯಿತು. ನೋಡಿದವರೆಲ್ಲ ಖುಷಿಯಿಂದ ಚಾಕೊಲೇಟನ್ನು ಡಬ್ಬಿಯ ಬಾಯಿಗೇ ಹಾಕುತ್ತಿದ್ದರು. ಡಬ್ಬಿಗೆ ತಳವಿರಲಿಲ್ಲ. ಹಾಕಿದ್ದೆಲ್ಲ ಅವಳ ಕಾಲ ಬುಡಕ್ಕೆ ಬೀಳುತ್ತಿತ್ತು, ಪೆಟ್ಟಿಗೆಯೊಳಗಿದ್ದವಳಿಗೆ ಬಗ್ಗಲು ಆಗುತ್ತಿರಲಿಲ್ಲ. ಇಡೀ ಬೀದಿಯಲ್ಲಿ ಆಯುವ ಕೆಲಸ ನನ್ನದಾಯಿತು.

ಆದರೆ ನನ್ನ ಅಚ್ಚುಮೆಚ್ಚಿನದು ಓಬವ್ವನ ವರ್ಷ. ಹ್ಯಾಲೋವೀನ್ ಮುಗಿದ ಮರುದಿನವೇ ರಾಜ್ಯೋತ್ಸವ. ಆ ವಾರಾಂತ್ಯಕ್ಕೆ ಕನ್ನಡ ಕೂಟದಲ್ಲಿ ಮಕ್ಕಳ ಛದ್ಮವೇಷ. ಒಂದೇ ವೇಷದಲ್ಲಿ ಎರಡನ್ನೂ ಮುಗಿಸುವ ಜಿಪುಣ ಯೋಚನೆ ನನ್ನದು. ಒಂಬತ್ತು ವರ್ಷದ ಮಗಳಿಗೆ ನನ್ನ ಇಳಕಲ್ ಸೀರೆ. ಊರಿನಿಂದ ಅಮ್ಮ ವಿಡಿಯೋ ಕರೆಯಲ್ಲಿ, "ಕಚ್ಚೆ ಇನ್ನೂ ಬಿಗಿ, ಇನ್ನೂ ಬಿಗಿ" ಎಂದು ಗದರಿಸುತ್ತಾ ಉಡಿಸಿದರು. ಕಾರ್ಪೆಟ್ ಸುತ್ತಿ ಬಂದಿದ್ದ ರಟ್ಟಿನ ಕೊಳವೆ ಒನಕೆಯಾಯಿತು. ಟಿವಿ ಪೆಟ್ಟಿಗೆಗೆ ಬೂದು ಬಣ್ಣ ಬಳಿದು ತೂತು ಕೊರೆದದ್ದೇ ಚಿತ್ರದುರ್ಗದ ಕಿಂಡಿ. ಕಾಡಿಗೆ ಮೀಸೆಯ ನಾಲ್ಕು ವರ್ಷದ ಮಗ ಹೈದರಾಲಿಯ ಸಮಸ್ತ ಸೈನ್ಯ.

ಶಾಲೆಯ ಮೆರವಣಿಗೆಯಲ್ಲೇ ವಿಘ್ನ. ವೇಷದ ಜೊತೆ ಆಯುಧ ತರುವಂತಿಲ್ಲವಂತೆ. ಅದು ಆಯುಧವಲ್ಲ, ಅಡುಗೆಮನೆಯ ಸಾಮಾನು ಎಂದು ಪತ್ರ ಬರೆದೆ. ಉಪಯೋಗವಾಗಲಿಲ್ಲ, ಒನಕೆಯನ್ನು ಕಚೇರಿಯಲ್ಲಿ ಒಪ್ಪಿಸಬೇಕಾಯಿತು. ಒನಕೆಯಿಲ್ಲದ ಓಬವ್ವನನ್ನು ಕಂಡವರೆಲ್ಲ "ಎಷ್ಟು ಮುದ್ದಾದ ರಾಜಕುಮಾರಿ" ಎಂದರು. ಮಗಳು ಹಲ್ಲು ಕಡಿಯುತ್ತಾ ಮನೆಗೆ ಬಂದಳು.

ಸಂಜೆ ಕಿಂಡಿಯನ್ನು ಎಳೆಗಾಡಿಯಲ್ಲಿಟ್ಟುಕೊಂಡು ಹೊರಟೆವು. ಮೊದಲ ಮನೆಯವರು ಒನಕೆಯನ್ನು ಲಟ್ಟಣಿಗೆ ಎಂದುಕೊಂಡು "ಬೇಕರಿಯವಳಾ?" ಎಂದರು. ಎರಡನೆಯವರಿಗೆ ಒನಕೆ ಬೇಸ್‌ಬಾಲ್ ದಾಂಡಿನಂತೆ ಕಂಡಿತು. ಮೂರನೆಯ ಮನೆಯ ಅಂಗಳದಲ್ಲಿ ಅಸ್ಥಿಪಂಜರ ನೇತಾಡುತ್ತಿತ್ತು, ಹುಲ್ಲಿನ ಮೇಲೆ ರಕ್ತದ ಬಣ್ಣ ಚೆಲ್ಲಿದ ಕೈಕಾಲುಗಳು ಬಿದ್ದಿದ್ದವು. ಮನೆಯೊಡೆಯ ಬಾಗಿ, ನೀನು ಯಾರಮ್ಮಾ ಎಂದು ಅಕ್ಕರೆಯಿಂದ ಕೇಳಿದ. ಮಗಳು ಬಾಯಿಪಾಠ ಮಾಡಿದ್ದನ್ನೆಲ್ಲ ಇಂಗ್ಲಿಷಿನಲ್ಲಿ ಒಪ್ಪಿಸಿದಳು. ಊಟಕ್ಕೆ ಬಂದ ಕಾವಲುಗಾರ ಗಂಡನಿಗೆ ನೀರು ತರಲು ಹೋದದ್ದು, ಕಿಂಡಿಯಲ್ಲಿ ಶತ್ರು ನುಸುಳುವುದನ್ನು ಕಂಡದ್ದು, ತಲೆ ಹೊರಬಂದ ಹಾಗೆಲ್ಲ ಒನಕೆಯಿಂದ ಕುಟ್ಟಿದ್ದು, ಹೆಣವನ್ನು ಪಕ್ಕಕ್ಕೆ ಎಳೆದು ಹಾಕಿ ಮುಂದಿನವನಿಗೆ ಕಾದದ್ದು. ವಿವರಣೆಗೆ ಸರಿಯಾಗಿ ತಮ್ಮ ಕಿಂಡಿಯಿಂದ ತಲೆ ಹಾಕಿದ, ಧಡ್ ಎಂದು ಒನಕೆ ಪೆಟ್ಟಿಗೆಯ ಮೇಲೆ ಬಿತ್ತು. ಆತ ಒಂದು ಹೆಜ್ಜೆ ಹಿಂದೆ ಸರಿದ.

"ಎಷ್ಟು ಜನರನ್ನು?" ಎಂದ, ಸ್ವಲ್ಪ ಹೊತ್ತಿನ ಮೇಲೆ.

"ನೂರಾರು," ಎಂದಳು ಮಗಳು.

ಆತ ಮಾತಿಲ್ಲದೆ ಎರಡು ಹಿಡಿ ಚಾಕೊಲೇಟ್ ಸುರಿದು ಬಾಗಿಲು ಹಾಕಿಕೊಂಡ. ಅಂಗಳದಲ್ಲಿ ಹೆಣಗಳನ್ನು ಹರಡಿಕೊಂಡವನಿಗೆ ನಮ್ಮ ಓಬವ್ವನನ್ನು ಕಂಡು ಭಯವೇ? ನನಗೆ ಹೆಮ್ಮೆಯಿಂದ ಎದೆಯುಬ್ಬಿತು. ಮುಂದಿನ ಮನೆಯಲ್ಲೂ ಓಬವ್ವ ಕಥೆ ಹೇಳಿ ಒನಕೆ ಎತ್ತಿದಳು; ಕಿಂಡಿಯಲ್ಲಿ ತಲೆ ಕಾಣಲಿಲ್ಲ. ಇಣುಕಿದರೆ, ಹೈದರಾಲಿಯ ಸೈನ್ಯ ಬಾಯಲ್ಲಿ ಚಾಕೊಲೇಟ್ ಇಟ್ಟುಕೊಂಡೇ ನಿದ್ದೆ ಹೋಗಿತ್ತು. ಅಲ್ಲಿಂದ ಮುಂದೆ ಬೇಕರಿಯವಳಾ ಎಂದವರಿಗೆಲ್ಲ ಮಗಳು ಹೌದೆಂದು ತಲೆಯಾಡಿಸಿದಳು. ಬೇಗ ಮುಗಿಯುತ್ತಿತ್ತು.

ಅವಳಿಗೀಗ ಹದಿನೈದು. ಈ ಸಲ ಇಯರ್‌ಫೋನ್ ಹಾಕಿಕೊಂಡು ಬಾಗಿಲಲ್ಲಿ ಕುಳಿತು, ಬಂದವರಿಗೆ ಮುಖ ಎತ್ತದೆ ಒಂದೊಂದೇ ಚಾಕೊಲೇಟ್ ಹಾಕುತ್ತಿದ್ದಳು. ರಟ್ಟಿನ ಪೆಟ್ಟಿಗೆ ತೊಟ್ಟ ಪುಟ್ಟ ರೋಬೋಟ್ ಒಂದು ಏಳುತ್ತಾ ಬೀಳುತ್ತಾ ಮೆಟ್ಟಿಲು ಹತ್ತಿ ಬಂದಾಗ ಮಾತ್ರ ಇಯರ್‌ಫೋನ್ ತೆಗೆದಳು. ಎರಡು ಹಿಡಿ ಹಾಕಿದಳು.

ಹರಿದ ಡೈನೋಸಾರನ್ನು ವಾಪಸು ಕಳಿಸಿ ದುಡ್ಡು ವಸೂಲು ಮಾಡಲೇಬೇಕೆಂದು ಮರುದಿನ ಗ್ಯಾರೇಜಿಗೆ ನುಗ್ಗಿದೆ. ಅದು ಬಂದ ಪೆಟ್ಟಿಗೆಯಲ್ಲೇ ಕಳಿಸಬೇಕಂತೆ. ಮದುವೆಯಾದ ಮೇಲೆ ಮೊದಲ ಬಾರಿಗೆ ನಾನಾಗಿಯೇ ಒಂದು ಪೆಟ್ಟಿಗೆ ಕೇಳಿದೆ. ಯಜಮಾನರು ಅದನ್ನು ಕೈಯಲ್ಲಿ ಹಿಡಿದು, ನಾಲ್ಕೂ ಮೂಲೆ ಒತ್ತಿ ನೋಡಿ, ಮತ್ತೆ ಅಟ್ಟಿಯ ಮೇಲೆ ಇಟ್ಟರು.

"ಇಷ್ಟು ಗಟ್ಟಿ ಪೆಟ್ಟಿಗೆ. ಇದನ್ನೇಕೆ ವಾಪಸು ಕಳಿಸುವುದು?"