ಅಜ್ಜಿ ಗುಡ್ಡೆ

2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ ಅಣೆಕಟ್ಟು, ಕೋಡಿ ಬಿದ್ದಾಗ ನಮ್ಮ ಕಡೆಯವರ ವಾಟ್ಸಾಪ್ ತುಂಬ ಅದೇ ವಿಡಿಯೊ. 1933ರಲ್ಲಿ ಒಮ್ಮೆ ಬಿದ್ದಿದ್ದ ಕೋಡಿ 89 ವರ್ಷ ಆದಮೇಲೆ ಮತ್ತೆ ಬಿದ್ದರೆ ಯಾರು ತಾನೇ ಸುಮ್ಮನಿರುತ್ತಾರೆ? ತೆಂಗು ಒಣಗಿ ನಿಂತಿದ್ದನ್ನು ಕಣ್ಣಾರೆ ಕಂಡ ಜನ ನಾವು. ನಾನೂ ಎರಡು ವಿಡಿಯೊ ಹಂಚಿಕೊಂಡೆ. ಆಮೇಲೆ ಎದೆ ಧಸಕ್ಕೆಂದಿತು. ಅಯ್ಯೋ, ಅಜ್ಜಿ!

ಅಜ್ಜಿ ಅಂದರೆ ನನ್ನಪ್ಪನ ಮುತ್ತಜ್ಜಿ. ಆಕೆಯ ಸಮಾಧಿ ಇರುವುದು ಹೊಸದುರ್ಗ ತಾಲ್ಲೂಕಿನಲ್ಲಿ, ಹಿನ್ನೀರಿನ ಅಂಚಿನ ಒಂದು ಹೊಲದಲ್ಲಿ. ಅದನ್ನು ಹುಡುಕಿಕೊಂಡು ನಾನೂ ದೊಡ್ಡಪ್ಪನೂ ಹೋಗಿದ್ದು ಅದಕ್ಕೂ ಮೂರು ವರ್ಷ ಮೊದಲು, 2019ರ ಬೇಸಿಗೆಯಲ್ಲಿ.

ಶುರುವಾಗಿದ್ದು ಹೆಳವರಿಂದ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಬಂದು ವಂಶ ಹೊಗಳುತ್ತಿದ್ದರಲ್ಲ, ಅವರೇ. ಈಗ ಬೈಕಿನಲ್ಲಿ ಬರುತ್ತಾರೆ. ಪುಸ್ತಕ ಮಾತ್ರ ಅದೇ ಕೆಂಪು ಬಟ್ಟೆಯ ಗಂಟಿನಲ್ಲಿ. ಅಮೆರಿಕದಲ್ಲಿರುವ ನನ್ನ ಚಿಕ್ಕಪ್ಪನ ಮಗ ಡಿಎನ್‌ಎ ಪರೀಕ್ಷೆಗೆ ಟ್ಯೂಬಿನೊಳಗೆ ಉಗುಳಿ, ಕೊರಿಯರ್ ಮಾಡಿ, ಡಾಲರ್ ಕೊಟ್ಟು ತನ್ನ ಮೂಲ ದಕ್ಷಿಣ ಭಾರತ ಅಂತ ತಿಳಿದುಕೊಂಡ. ಹೆಳವಪ್ಪ ಒಂದು ಮೊರ ರಾಗಿಗೆ ಏಳು ತಲೆಮಾರು ಹೇಳಿದರು. ಮೂಲ ಚಿಕ್ಕನಾಯಕನಹಳ್ಳಿ ಸೀಮೆ, ಧಾತು ಈಶ್ವರ ಬರದಲ್ಲಿ ಊರು ಬಿಟ್ಟು ಈ ಕಡೆ ಬಂದವರು ಅಂತ.

ಧಾತು ಈಶ್ವರ ಅಂದರೆ 1876ರಿಂದ 78ರವರೆಗಿನ ಬರ. ಆ ಎರಡು ಸಂವತ್ಸರದ ಹೆಸರೇ ಬರದ ಹೆಸರಾಯಿತು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿದಿದ್ದರು. ಬೆಂಗಳೂರು-ಮೈಸೂರು ರೈಲು ದಾರಿಯ ಮಣ್ಣು ಕೆಲಸ ಶುರುವಾಗಿದ್ದೇ ಬರದ ಕೂಲಿ ಅಂತ. ಆ ಕೂಲಿಗೆ ಹೋದ ಮುತ್ತಜ್ಜಿಯ ಗಂಡ ವಾಪಸು ಬರಲಿಲ್ಲ. ಈಕೆ ಎರಡು ಮಕ್ಕಳನ್ನು ಕಟ್ಟಿಕೊಂಡು ವೇದಾವತಿ ಹೊಳೆ ಕಡೆಗೆ ನಡೆದಳು. ಇಷ್ಟನ್ನು ತಾತ ಹೇಳುತ್ತಿದ್ದರು.

ಪುಸ್ತಕದಲ್ಲಿ ಗಂಡನ ಹೆಸರಿದೆ, ಇಬ್ಬರು ಗಂಡುಮಕ್ಕಳ ಹೆಸರಿದೆ. ಆಕೆಯದ್ದಿಲ್ಲ.

‘ಹೆಣ್ಣುಮಕ್ಕಳನ್ನ ಬರ್ಕೊಳಲ್ವಾ?’ ಅಂತ ಕೇಳಿದೆ.

‘ನೀವು ಗಂಡನ ಮನೆ ಪುಸ್ತಕದಾಗೆ ಇರ್ತೀರ ಕಣವ್ವಾ’ ಅಂದರು.

ಆಮೇಲೆ ವಿಚಾರಿಸಿದೆ. ಅಲ್ಲಿರೋದು ನನ್ನ ಗಂಡನ ಹೆಸರು!

ಹೊಲವನ್ನು ತಾತ ಯಾವಾಗಲೋ ಮಾರಿದ್ದರು. ಸರ್ವೆ ನಂಬರ್ ಯಾರಿಗೂ ಗೊತ್ತಿಲ್ಲ. ಹಳೇ ದಾಖಲೆಗಾಗಿ ಕಚೇರಿಗೆ ಮೂರು ಸಲ ಅಲೆದೆವು. ಮೊದಲ ಸಲ ಕೀಲಿ ಇರಲಿಲ್ಲ, ಎರಡನೇ ಸಲ ಕೀಲಿ ಇಟ್ಟುಕೊಂಡವರಿರಲಿಲ್ಲ, ಮೂರನೇ ಸಲ ದಾಖಲೆಯೇ ಇರಲಿಲ್ಲ. ಬೇಸತ್ತು ಹಿನ್ನೀರಿನ ಕಡೆ ಹಳ್ಳಿಯೊಂದರಲ್ಲಿ ಟೀ ಕುಡಿಯುತ್ತಾ ದೊಡ್ಡಪ್ಪ ಸುಮ್ನೆ ವಿಷಯ ತೆಗೆದರು. ಟೀ ಸೋಸುತ್ತಿದ್ದವನು ತಲೆ ಎತ್ತದೆ, ‘ಅಜ್ಜಿ ಗುಡ್ಡೆನಾ? ಅಗೋ, ಆ ಬೇವಿನ ಮರದ ಬುಡಕ್ಕೆ ಹೋಗಿ’ ಅಂದ.

ಮಂಡಿಯೆತ್ತರದ ಕಲ್ಲುಗುಡ್ಡೆ. ಮೇಲೊಂದು ಸಣ್ಣ ಲಿಂಗದ ಕಲ್ಲು, ಅದಕ್ಕೆ ವಿಭೂತಿ ಬಳಿದೂ ಬಳಿದೂ ಬೆಳ್ಳಗೆ ಹೊಪ್ಪಳೆ ಕಟ್ಟಿತ್ತು. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಹಾಗಾಗಿ ಅಜ್ಜಿ ಕೆಳಗೆ ಕೂತಿದ್ದಾಳೆ ಅಂತಲೇ ಅನಿಸಿತು. ನೇಗಿಲ ಸಾಲುಗಳೆಲ್ಲ ಅಲ್ಲಿಗೆ ಬಂದು ಬಳಸಿಕೊಂಡು ಹೋಗಿದ್ದವು.

ಹೊಲದ ಯಜಮಾನರು ನಮ್ಮ ಜಾತಿಯವರಲ್ಲ. ‘ನಮ್ಮಪ್ಪ ಹೊಲ ತಗಂಡಾಗ ನಿಮ್ಮ ತಾತ ಒಂದೇ ಮಾತು ಕೇಳಿದ್ರಂತೆ, ಅಜ್ಜಿ ಮೇಲೆ ನೇಗಿಲು ಹಾಯಿಸಬ್ಯಾಡ ಅಂತ’ ಅಂದರು. ಪತ್ರದಲ್ಲಿ ಇದೆಯಾ ಅಂತ ದೊಡ್ಡಪ್ಪ ಕೇಳಿದರು. ಇಲ್ಲವಂತೆ, ಬರೀ ಮಾತು. ಮಾಲಯ ಅಮಾವಾಸ್ಯೆಗೆ ತಮ್ಮ ಹಿರಿಯರ ಎಡೆಯ ಜೊತೆ ಇಲ್ಲಿಗೂ ಒಂದು ಚೊಂಬು ರಾಗಿ ಅಂಬಲಿ ತರುತ್ತಾರೆ. ಹೋಳಿಗೆ ಇಡಲ್ವಾ ಅಂತ ಕೇಳಿದ್ದಕ್ಕೆ, ‘ಬರದಾಗೆ ಬಂದೋಳು ಕಣವ್ವಾ, ಅಂಬಲಿನೇ ಮೊದ್ಲು’ ಅಂದರು. ದೊಡ್ಡಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡವರು ಎಷ್ಟು ಹೊತ್ತಾದರೂ ತೆಗೆಯಲಿಲ್ಲ.

ಮೂಲ ಹುಡುಕಲು ಹೊರಟವರಿಗೆಲ್ಲ ಒಬ್ಬ ಪಾಳೇಗಾರನಾದರೂ ಸಿಗಲೇಬೇಕು ಈಗ. ಗ್ರೂಪುಗಳಲ್ಲಿ ನೋಡಿ, ಎಲ್ಲರ ಪೂರ್ವಜರೂ ಕುದುರೆ ಮೇಲೆಯೇ ಇರುತ್ತಾರೆ. ಹಾಗಾದರೆ ಆ ಬರದಲ್ಲಿ ಹಸಿದವರು ಯಾರ ಮನೆಯವರು? ನಮಗೆ ಸಿಕ್ಕಿದ್ದು ಹಸಿದ ಒಬ್ಬ ಹೆಂಗಸು, ಅದೂ ಹೆಸರಿಲ್ಲದವಳು. ಅದನ್ನು ಹೇಳಿಕೊಳ್ಳಲು ನಮ್ಮವರಿಗೇ ಮುಜುಗರ. ಕೋಡಿ ಬಿದ್ದು ಗುಡ್ಡೆ ಮುಳುಗಿದ ಮೇಲೆ ಮನೆತನದ ಗ್ರೂಪಿನಲ್ಲಿ ಹೊಸ ಯೋಜನೆ ಬಂತು. ಮೇಲೆಲ್ಲಾದರೂ ಗ್ರಾನೈಟಿನ ಗದ್ದುಗೆ ಕಟ್ಟಿ ಏಳು ತಲೆಮಾರಿನ ಹೆಸರು ಕೆತ್ತಿಸೋಣ ಅಂತ. ಏಳು ಗಂಡಸರ ಹೆಸರು, ಕೆಳಗೆ ದಾನಿಗಳ ಪಟ್ಟಿ. ನಾನು ಬೇಡ ಅಂದೆ. ಆಕೆ ಕೂತಿರೋದು ಇಲ್ಲಿ, ನೀವು ಕಟ್ಟೋದು ಎಲ್ಲೋ. ಇಷ್ಟು ವರ್ಷ ಅಂಬಲಿ ಇಟ್ಟವರ ಹೆಸರು ಆ ಕಲ್ಲಿನ ಮೇಲೆ ಇರುತ್ತಾ ಅಂತಲೂ ಕೇಳಿದೆ. ಯಾರೋ ಕೈ ಮುಗಿದ ಇಮೋಜಿ ಹಾಕಿದರು. ಅಲ್ಲಿಗೆ ಚರ್ಚೆ ನಿಂತಿದೆ.

ನೀರಿನ ಮೇಲೆ ನನಗೆ ಸಿಟ್ಟಿಲ್ಲ. 33ರಲ್ಲೂ ಮುಳುಗಿದ್ದಳಂತೆ, ಅಜ್ಜಿ ತಲೆ ಮೇಲೆ ತೆಪ್ಪ ಹೋಗುತ್ತಿತ್ತು ಅಂತ ತಾತ ನಗುತ್ತಿದ್ದರು. ಆದರೆ ಹೊಲ ಮುಳುಗಿದ ಯಜಮಾನರಿಗೆ ಅದು ನಗುವ ಮಾತಲ್ಲ. 2024ರ ಬೇಸಿಗೆಯಲ್ಲಿ ನೀರು ಇಳಿದಾಗ ಹೋಗಿ ನೋಡಿದೆ. ಬೇವು ಒಣಗಿ ಬೋಳಾಗಿ ನಿಂತಿತ್ತು, ಗುಡ್ಡೆ ಅರ್ಧ ಹೂಳಿನಲ್ಲಿ. ಲಿಂಗದ ಕಲ್ಲನ್ನು ಯಜಮಾನರು ಅಂಗೈಯಿಂದ ಒರೆಸಿ ನೆಟ್ಟಗೆ ಮಾಡಿದರು.

2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಅವರೇ ಫೋನ್ ಮಾಡಿದ್ದರು. ‘ಅಜ್ಜಿ ತಿರ್ಗಾ ನೀರಿಗೆ ಇಳಿದ್ಲು ಕಣವ್ವಾ. ಬೇವಿನ ತುದಿ ಕಾಣ್ತೈತೆ, ಅದಕ್ಕೊಂದು ಕೆಂಪು ಬಟ್ಟೆ ಕಟ್ಟೀನಿ, ಗುರುತಿಗೆ.’