ಪ್ರೇತಕ್ಕೆ ಪಾಟೀಸವಾಲು ಇಲ್ಲ

ಮರಣಪೂರ್ವ ಹೇಳಿಕೆಗೆ ನಮ್ಮ ನ್ಯಾಯಾಲಯಗಳಲ್ಲಿ ಬೆಲೆಯಿದೆ. ಮರಣೋತ್ತರ ಹೇಳಿಕೆಗೂ ಬೆಲೆ ಸಿಕ್ಕಿದ್ದು ಇಂಗ್ಲೆಂಡಿನಲ್ಲಿ, 1994ರಲ್ಲಿ.

ಸಸೆಕ್ಸ್‌ನ ಹೋವ್ ಪಟ್ಟಣದಲ್ಲಿ ಜೋಡಿ ಕೊಲೆಯೊಂದರ ವಿಚಾರಣೆ. ತೀರ್ಮಾನ ಆಗಲಿಲ್ಲವೆಂದು ಜ್ಯೂರಿಯವರನ್ನು, ಅಂದರೆ ಅಪರಾಧಿ ಹೌದೋ ಅಲ್ಲವೋ ಹೇಳಲು ಕೂರಿಸಿದ ಸಾಮಾನ್ಯ ನಾಗರಿಕರನ್ನು, ಆ ರಾತ್ರಿ ಬ್ರೈಟನ್ನಿನ ಹೋಟೆಲಿನಲ್ಲಿ ಇರಿಸಿದರು. ಹೊರಗಿನವರ ಸಂಪರ್ಕ ಕೂಡದೆಂದು ಕಾವಲು ಬೇರೆ. ಕಾವಲಿನವರು ಬಾಗಿಲು ಕಾದರು. ಬರುವವನಿಗೆ ಬಾಗಿಲಿನ ಹಂಗಿರಲಿಲ್ಲ. ಜ್ಯೂರಿಯ ನಾಲ್ವರು ಸೇರಿ ಪ್ರೇತ ಕರೆಯಲೆಂದು ಕಾಗದದ ಚೂರುಗಳ ಮೇಲೆ ಅಕ್ಷರ ಬರೆದು ಹರಡಿದರು, ನಡುವೆ ಗಾಜಿನ ಲೋಟವೊಂದನ್ನು ಬೋರಲು ಹಾಕಿ ಅದರ ಮೇಲೆ ಬೆರಳಿಟ್ಟು ಕುಳಿತರು. ಕೊಲೆಯಾದವನೇ ಬಂದನಂತೆ! ಲೋಟ ಅಕ್ಷರದಿಂದ ಅಕ್ಷರಕ್ಕೆ ಸರಿದು ಆರೋಪಿಯ ಹೆಸರು ಹೇಳಿತು, ನಾಳೆ ಅಪರಾಧಿ ಎಂದೇ ಮತ ಹಾಕಿ ಎಂದು ಸಲಹೆಯನ್ನೂ ಕೊಟ್ಟಿತು. ಪ್ರಮಾಣವಚನವಿಲ್ಲ, ಪಾಟೀಸವಾಲಿಲ್ಲ, ಸಾಕ್ಷಿಗೆ ಬಸ್ ಚಾರ್ಜೂ ಇಲ್ಲ. ಮರುದಿನ ಜ್ಯೂರಿ ಒಮ್ಮತದಿಂದ ಅಪರಾಧಿ ಎಂದಿತು.

ವಿಷಯ ಹೊರಬಿದ್ದು ಮೇಲ್ಮನವಿಗೆ ಹೋಯಿತು. ಜ್ಯೂರಿ ಸದಸ್ಯರಿಂದ ಪ್ರಮಾಣಪತ್ರ ಬರೆಸಿಕೊಂಡರು. ಪ್ರೇತದ್ದೊಂದು ಬಾಕಿ ಉಳಿಯಿತು. ತೀರ್ಪು ರದ್ದಾಯಿತು. ಆದರೆ ಸ್ವಾರಸ್ಯ ಇರುವುದು ರದ್ದಾದ ಬಗೆಯಲ್ಲಿ. 1981ರ ನ್ಯಾಯಾಂಗ ನಿಂದನೆ ಕಾಯ್ದೆಯ ಪ್ರಕಾರ ಜ್ಯೂರಿ ಕೋಣೆಯ ಚರ್ಚೆಯನ್ನು ಯಾರೂ ಕೆದಕುವ ಹಾಗಿರಲಿಲ್ಲ. ಹೋಟೆಲು ಜ್ಯೂರಿ ಕೋಣೆಯಲ್ಲ ಎಂಬ ಕಾರಣಕ್ಕೆ ನ್ಯಾಯಮೂರ್ತಿಗಳು ಬಾಯಿ ತೆರೆಯಲು ಸಾಧ್ಯವಾಯಿತು. ಅದೇ ಲೋಟವನ್ನು ಬೆಳಿಗ್ಗೆ ಕೈಚೀಲದಲ್ಲಿ ಒಯ್ದು ಜ್ಯೂರಿ ಕೋಣೆಯ ಮೇಜಿನ ಮೇಲೇ ಬೋರಲು ಹಾಕಿದ್ದರೆ? ಪ್ರೇತಕ್ಕೆ ಕಾನೂನಿನ ಪೂರ್ಣ ರಕ್ಷಣೆ. ಪಾಪ, ಅದಕ್ಕೆ ಯಾವ ವಕೀಲರೂ ಈ ಸೂಕ್ಷ್ಮ ಹೇಳಿರಲಿಲ್ಲ.

ಅಮೆರಿಕದವರು ಇನ್ನೂ ಒಂದು ಹೆಜ್ಜೆ ಮುಂದೆ. ಫ್ಲಾರಿಡಾದ ವಂಚನೆ ಪ್ರಕರಣವೊಂದರಲ್ಲಿ ಜ್ಯೂರಿಯವರು ಮಧ್ಯಾಹ್ನದ ಊಟಕ್ಕೆ ಕುಡಿದರು, ಗಾಂಜಾ ಸೇದಿದರು, ಕೊಕೇನ್ ಎಳೆದರು, ವಿಚಾರಣೆಯಲ್ಲಿ ತೂಕಡಿಸಿದರು ಎಂದು ಅವರಲ್ಲೇ ಇಬ್ಬರು ಹೇಳಿದರು. 1987ರಲ್ಲಿ ಸುಪ್ರೀಂ ಕೋರ್ಟು 5-4ರ ಬಹುಮತದಿಂದ, ತಾವಾಗಿಯೇ ಸೇವಿಸಿದ್ದು ಹೊರಗಿನ ಪ್ರಭಾವವಲ್ಲ, ಕೆಟ್ಟ ಅಡುಗೆಯ ಊಟ, ನಿದ್ದೆಗೇಡು ಇದ್ದಂತೆಯೇ ಇದೂ ಒಂದು ಎಂದಿತು. ಶಿಕ್ಷೆಯನ್ನು ಅಲುಗಿಸುವಷ್ಟು ಆ ಸಾಕ್ಷ್ಯಕ್ಕೆ ಬಲ ಬರಲಿಲ್ಲ. ಹೊರಗಿನಿಂದ ಬಂದ ಪ್ರೇತ ಕೂಡದು. ಹೊಟ್ಟೆಯೊಳಗೆ ಇಳಿದ ಪರಮಾತ್ಮನನ್ನು ಮಾತ್ರ ಕೇಳುವಂತಿಲ್ಲ!

ಇತ್ತ ಇಂಗ್ಲೆಂಡಿನಲ್ಲಿ 1994ರ ಡಿಸೆಂಬರ್ ಹೊತ್ತಿಗೆ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ಆ ಕೊಲೆ ಪ್ರಕರಣದ ಮರುವಿಚಾರಣೆ ಮುಗಿಯಿತು. ಹೊಸ ಜ್ಯೂರಿಯೂ ಪ್ರೇತ ಹೇಳಿದ್ದನ್ನೇ ಹೇಳಿತು. ಈ ಸಲ ಯಾವ ಆಧಾರದ ಮೇಲೆ ಎಂದು ಕೇಳುವ ಹಾಗಿಲ್ಲ. ತೀರ್ಮಾನ ಜ್ಯೂರಿ ಕೋಣೆಯೊಳಗೆ ಆದದ್ದು.